ಬರ್ಮಿಂಗ್‌ಹ್ಯಾಮ್‌ನ ಲೋಕಲ್ ಸಪ್ಲೈಯರ್

ಮುಂಬೈಯಲ್ಲಿ ಲೋಕಲ್ ಅನ್ನಿಸಿಕೊಳ್ಳೋದು ಹೇಗೆ ಅಂತ ಎರಡು ಮೂರು ತಲೆಮಾರಿನಿಂದ ತಲೆ ಕೆರೆದುಕೊಳ್ಳುತ್ತಿದ್ದ ನಮ್ಮ ಕನ್ನಡಿಗರಿಗೆ ಕೊನೆಗೂ ಸುಲಭದ ದಾರಿ ಸಿಕ್ಕಿದೆ. ಇಂಗ್ಲೆಂಡಿನಲ್ಲಿ ಹುಟ್ಟಬೇಕು, ಅಷ್ಟೇ.

ಸುದ್ದಿ ನಿಮಗೂ ಗೊತ್ತು. 2025ರ ಜುಲೈ 24ರಂದು ಇಂಗ್ಲೆಂಡಿನಲ್ಲಿ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು. ಸ್ಕಾಚ್ ಅಗ್ಗ ಆಗುತ್ತಂತೆ ಅಂತ ಎಲ್ಲರೂ ಆ ಪುಟವನ್ನೇ ಓದಿದರು. ಸರ್ಕಾರಿ ಖರೀದಿಯ ಅಧ್ಯಾಯವನ್ನು ಯಾರೂ ಮುಟ್ಟಲಿಲ್ಲ. ಅದರಲ್ಲಿ ಕಿಕ್ ಇಲ್ಲವಲ್ಲ. ಅದರ ಸಾರ ಇಷ್ಟು: ಕೇಂದ್ರ ಸರ್ಕಾರದ ಟೆಂಡರುಗಳಿಗೆ ಇನ್ನು ಬ್ರಿಟಿಷ್ ಕಂಪನಿಗಳೂ ಬಿಡ್ ಹಾಕಬಹುದು. ಮಾಲಿನಲ್ಲಿ ಶೇಕಡಾ 20ರಷ್ಟು ಬ್ರಿಟನ್ನಿನದಾಗಿದ್ದರೆ ಸಾಕು, ಆ ಕಂಪನಿ ನಮ್ಮ ಕಡತದಲ್ಲಿ ‘ಕ್ಲಾಸ್ 2 ಲೋಕಲ್ ಸಪ್ಲೈಯರ್’. ಸೆಕೆಂಡ್ ಕ್ಲಾಸ್ ಲೋಕಲ್ ಅಂದರೆ ಏನು ಅಂತ ನಮಗಂತೂ ಹೇಳಿಕೊಡಬೇಕಾಗಿಲ್ಲ. ಅವರಿಗೆ ಬೇಕಿದ್ದರೆ ಬೆಳಗ್ಗೆ ಎಂಟೂವರೆಗೆ ಡೊಂಬಿವಲಿ ಸ್ಟೇಷನ್ನಿಗೆ ಬರಲಿ.

ವರ್ಷಕ್ಕೆ ಸುಮಾರು 40,000 ಟೆಂಡರು, 38 ಬಿಲಿಯನ್ ಪೌಂಡಿನ ಮಾರುಕಟ್ಟೆ ಅಂತ ಬ್ರಿಟನ್ ಸರ್ಕಾರ ತನ್ನ ಜನಕ್ಕೆ ಹೇಳಿಕೊಂಡಿದೆ. ಅಕ್ಟೋಬರಿನಲ್ಲಿ ಅವರ ಪ್ರಧಾನಿ ಸ್ಟಾರ್ಮರ್ ನೂರಕ್ಕೂ ಜಾಸ್ತಿ ಜನರ ದಂಡು ಕಟ್ಟಿಕೊಂಡು ನಮ್ಮೂರಿಗೇ ಬಂದರು. ಕೂಪರೇಜ್ ಮೈದಾನದಲ್ಲಿ ಫುಟ್‌ಬಾಲ್ ನೋಡಿದರು, ಸ್ಟುಡಿಯೋ ನೋಡಿದರು, ಹೋದರು. ಲೋಕಲ್ ಜನ ಬಂದು ಹೋದ ಹಾಗೇ ಇತ್ತು.

ಇತ್ತ ನಮ್ಮ ಕಥೆ ನೋಡಿ. ಮಾಟುಂಗಾದಲ್ಲೋ ಫೋರ್ಟಿನಲ್ಲೋ ಅಜ್ಜನ ಕಾಲದಿಂದ ಇಡ್ಲಿ ಬೇಯಿಸುತ್ತಿರುವ ಹೋಟೆಲಿನವನು ಲೋಕಲ್ ಹೌದೋ ಅಲ್ಲವೋ ಅನ್ನೋದು ಪ್ರತಿ ಚುನಾವಣೆಗೂ ಹೊಸದಾಗಿ ತೀರ್ಮಾನ ಆಗುತ್ತದೆ. ಅರವತ್ತರ ದಶಕದಲ್ಲಿ ಲುಂಗಿ ನೋಡಿ ತೀರ್ಮಾನ ಆಯಿತು. 2023ರ ನವೆಂಬರಿನಲ್ಲಿ ಬೋರ್ಡ್ ನೋಡಿ. ದೇವನಾಗರಿಯಲ್ಲಿ ಮರಾಠಿ ಬರೆಸಲು ಸುಪ್ರೀಂ ಕೋರ್ಟ್ ಕೊಟ್ಟ ಗಡುವು ಮುಗಿಯುವ ವಾರ ಪೇಂಟರುಗಳು ಕೈಗೇ ಸಿಗುತ್ತಿರಲಿಲ್ಲ. ಇರೋ ನಾಡಿನ ಭಾಷೆಯಲ್ಲಿ ಬೋರ್ಡ್ ಹಾಕೋದರಲ್ಲಿ ತಪ್ಪೇನೂ ಇಲ್ಲ, ಹಾಕಲೇಬೇಕು. ಬೆಂಗಳೂರಿನಲ್ಲಿ ನಾವೂ ಅದನ್ನೇ ಕೇಳುತ್ತೇವೆ. ನನ್ನ ಕುತೂಹಲ ಬೇರೆ. ಬೋರ್ಡು, ಭಾಷೆ, ಮೂರು ತಲೆಮಾರು ಎಲ್ಲ ಒಪ್ಪಿಸಿದರೂ ‘ತುಮ್ಚಂ ಗಾವ್ ಕುಠಲಂ’ (ನಿಮ್ಮ ಊರು ಯಾವುದು) ಅನ್ನುವ ಪ್ರಶ್ನೆ ತಪ್ಪದ ಊರಿನಲ್ಲಿ, ಬರ್ಮಿಂಗ್‌ಹ್ಯಾಮ್‌ನವರಿಗೆ ಶೇಕಡಾ 20ಕ್ಕೆ ಹೇಗೆ ಮುಗಿಯಿತು?

ಪೆಂಗ್ವಿನ್ನಿಗೂ ಮುಗಿಯಲಿಲ್ಲ ಕಣ್ರೀ. ಈ ವಿಷಯ ಸ್ವಲ್ಪ ಹೇಳಲೇಬೇಕು. ಮುಂಬೈ ಪಾಲಿಕೆ ಜಾಗತಿಕ ಮಟ್ಟದಲ್ಲಿ ಮಾಡಿದ ಖರೀದಿಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದೇ. 2016ರ ಜುಲೈಯಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಿಂದ ಎಂಟು ಹಂಬೋಲ್ಟ್ ಪೆಂಗ್ವಿನ್‌ಗಳು ಬೈಕಲಾದ ರಾಣಿಬಾಗ್ ಮೃಗಾಲಯಕ್ಕೆ ಬಂದಿಳಿದವು. ಅಕ್ಟೋಬರಿನಲ್ಲಿ ಒಂದು ಸತ್ತಿತು. ಉಳಿದವು ಎಸಿಯಲ್ಲಿ ಕೂತು ಸಂಸಾರ ಮಾಡಿದವು. 2021ರಲ್ಲಿ ಅವುಗಳ ಮೂರು ವರ್ಷದ ನಿರ್ವಹಣೆಗೆ 15 ಕೋಟಿಯ ಟೆಂಡರ್ ಕರೆದಾಗ ಊರೆಲ್ಲ ಗಲಾಟೆ. ಗಲಾಟೆ ಮಾಡಿದವರೂ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ಅವನ್ನೇ ನೋಡಿದರು. ಆಮೇಲೆ 2025ರಲ್ಲಿ ಇನ್ನೊಂದು. ಇಲ್ಲೇ ಹುಟ್ಟಿದ ಮರಿಗಳಿಗೆ ಇಂಗ್ಲಿಷ್ ಹೆಸರು ಯಾಕೆ, ಮರಾಠಿ ಹೆಸರೇ ಇಡಬೇಕು ಅಂತ ಒಂದು ಪಕ್ಷದವರು ರಾಣಿಬಾಗಿನ ಮುಂದೆ ಪ್ರತಿಭಟನೆ ಮಾಡಿದರು. ಬೈಕಲಾದಲ್ಲಿ ಮೊಟ್ಟೆಯೊಡೆದು ಬಂದ ಹಕ್ಕಿ. ಆಧಾರ್ ಒಂದು ಇಲ್ಲ, ಉಳಿದಂತೆ ಪಕ್ಕಾ ಮುಂಬೈಕರ್. ಅದಕ್ಕೂ ಹೆಸರು ಬದಲಾಯಿಸದೆ ಲೋಕಲ್ ಪಟ್ಟ ಇಲ್ಲ. ಅದು ಬ್ರಿಟನ್ನಿನಲ್ಲಿ ಹುಟ್ಟಿದ್ದರೆ ಕೆಲಸ ಆಗುತ್ತಿತ್ತು.

ಇರಲಿ, ಜಗತ್ತಿನ ವ್ಯಾಪಾರದ ನಿಯಮ ಬರೆಯುವ ಜಿನೀವಾಕ್ಕೆ ಬರೋಣ.

ಇಡೀ ಜಗತ್ತಿಗೆ ಮುಕ್ತ ವ್ಯಾಪಾರದ ಪಾಠ ಹೇಳಿದವರು 1947ರ ಗ್ಯಾಟ್ ವ್ಯಾಪಾರ ಒಪ್ಪಂದ ಬರೆಯುವಾಗ ಮೂರನೇ ವಿಧಿಯಲ್ಲಿ ಒಂದು ಸಣ್ಣ ಕಿಂಡಿ ಬಿಟ್ಟುಕೊಂಡರು: ಹೊರಗಿನ ಮಾಲಿಗೂ ಒಳಗಿನ ಮಾಲಿಗೂ ಭೇದ ಮಾಡಬಾರದು, ಆದರೆ ಸರ್ಕಾರ ತನಗಾಗಿ ಕೊಳ್ಳುವಾಗ ಮಾಡಬಹುದು. ಅಮೆರಿಕದಲ್ಲಿ 1933ರಿಂದಲೇ ‘ಬೈ ಅಮೆರಿಕನ್’ ಕಾಯ್ದೆ ಇತ್ತಲ್ಲ, ಅದನ್ನು ಬಿಡೋದು ಹೇಗೆ? ಈಗಲೂ ಇದೆ. ದೇಶಿ ಮಾಲಿನ ಪಾಲು 2024ರಲ್ಲಿ ಶೇಕಡಾ 65, 2029ಕ್ಕೆ 75. ಅದನ್ನು ಅವರು ಕೈಗಾರಿಕಾ ನೀತಿ ಅಂತಾರೆ. ನಾವು ಅದನ್ನೇ ಮಾಡಿದರೆ ಸುಂಕದ ಗೋಡೆ, ಲೈಸೆನ್ಸ್ ರಾಜ್, ಹಿಂದುಳಿದ ಮನಸ್ಸು.

ಮುಂದೆ ಬಲ್ಲವರೆಲ್ಲ ಸೇರಿ ಸರ್ಕಾರಿ ಖರೀದಿಗೆ ಬೇರೆಯೇ ಒಪ್ಪಂದ ಮಾಡಿಕೊಂಡರು. 1994ರಲ್ಲಿ ಮರಾಕೇಶಿನಲ್ಲಿ ಸಹಿ, 1996ರಿಂದ ಜಾರಿ, 2014ರಲ್ಲಿ ಹೊಸ ರೂಪ. ಹೆಸರು ಜಿಪಿಎ. ಇಷ್ಟ ಇದ್ದವರು ಸೇರಬಹುದು, ಇಲ್ಲದವರು ಹೊರಗೆ. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ 166 ಸದಸ್ಯರಿದ್ದರೂ ಇದರೊಳಗೆ ಇರೋರು ಅದರ ಮೂರನೇ ಒಂದು ಪಾಲೂ ಇಲ್ಲ. ಅವರಲ್ಲಿ ಜಾಸ್ತಿ ಜನ ಐರೋಪ್ಯ ಒಕ್ಕೂಟದವರೇ. ಭಾರತ 2010ರಿಂದ ವೀಕ್ಷಕ. ಸಭೆಗೆ ಹೋಗಬಹುದು, ಕೂರಬಹುದು, ಕಾಫಿ ಕುಡಿಯಬಹುದು. ನನ್ನ ಮಟ್ಟಿಗೆ ಇದು ಬುದ್ಧಿವಂತಿಕೆಯೇ. 1996ರಲ್ಲಿ ಸಿಂಗಪುರದಲ್ಲಿ ಶ್ರೀಮಂತ ದೇಶಗಳು ‘ಬರೀ ಪಾರದರ್ಶಕತೆ ಬಗ್ಗೆ ಮಾತಾಡೋಣ’ ಅಂತ ಮೆಲ್ಲಗೆ ಕಾಲಿಟ್ಟಾಗಲೂ ನಾವು ಹಿಂದೇಟು ಹಾಕಿದೆವು. 2003ರಲ್ಲಿ ಮೆಕ್ಸಿಕೋದ ಕಾನ್‌ಕುನ್ ಸಭೆ ಮುರಿದುಬಿತ್ತು, ಮರುವರ್ಷ ಆ ವಿಷಯವೇ ಪಟ್ಟಿಯಿಂದ ಹೊರಗೆ. ಎಲ್ಲರ ಮುಂದೆ ಅಷ್ಟು ಗಟ್ಟಿಯಾಗಿ ಬೇಡ ಅಂದ ನಾವು ಈಗ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಬಾಗಿಲು ತೆಗೆಯುತ್ತಿದ್ದೇವೆ. 2022ರಲ್ಲಿ ಯುಎಇ, ಆಮೇಲೆ ಬ್ರಿಟನ್. ಬದಲಿಗೆ ಅವರ ಟೆಂಡರುಗಳಿಗೆ ನಾವೂ ಹೋಗಬಹುದು ಅಂತೆ. ಹೋಗೋಣ ಬಿಡಿ.

ಕಿಂಡಿ ಅಂದೆನಲ್ಲ, ಅದು ನಮಗೆ ಬೇಕಾದಾಗ ಮುಚ್ಚಿಕೊಂಡ ಕಥೆಯೂ ಇದೆ. ಸೋಲಾರ್ ಯೋಜನೆಯಲ್ಲಿ ಕರೆಂಟ್ ಕೊಡುವ ಕಂಪನಿಗಳು ದೇಶದೊಳಗೆ ತಯಾರಾದ ಸೆಲ್ಲುಗಳನ್ನೇ ಬಳಸಬೇಕು ಅಂತ ನಾವು ಷರತ್ತು ಹಾಕಿದೆವು. ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. ಇದು ಸರ್ಕಾರಿ ಖರೀದಿ ಸ್ವಾಮಿ, ವಿನಾಯಿತಿ ಇದೆ ಅಂತ ನಾವು ವಾದಿಸಿದೆವು. 2016ರಲ್ಲಿ ತೀರ್ಪು ಬಂತು: ನೀವು ಕೊಂಡದ್ದು ಕರೆಂಟು, ಭೇದ ಮಾಡಿದ್ದು ಸೆಲ್ಲಿನಲ್ಲಿ. ವಿನಾಯಿತಿ ಇಲ್ಲ, ಏಳಿ.

ಇದನ್ನು ನಮ್ಮ ಬಿಲ್ಡಿಂಗಿನ ಶೆಟ್ರಿಗೆ ಹೇಳಿದೆ. ಅವರು ಸರ್ಕಾರಿ ಕಚೇರಿಗಳ ಕ್ಯಾಂಟೀನ್ ನಡೆಸುವವರು, ಟೆಂಡರ್ ಅಂದರೆ ಅವರಿಗೆ ನಿದ್ದೆಗಣ್ಣಲ್ಲೂ ಗೊತ್ತು. ಒಂದು ಕ್ಷಣ ಯೋಚಿಸಿ, “ಗೊತ್ತಾಯ್ತು ಮಾಷ್ಟ್ರೆ. ಇಡ್ಲಿ ತಕೊಂಡವ ಗ್ರೈಂಡರ್ ಊರಿದ್ದೇ ಆಗಬೇಕು ಅಂತ ಹೇಳುವ ಹಾಗಿಲ್ಲ,” ಅಂದರು. ತೀರ್ಪನ್ನು ಇಷ್ಟು ಚಿಕ್ಕದಾಗಿ ಜಿನೀವಾದಲ್ಲಿ ಯಾರೂ ಬರೆಯಲಾರರು. ಮುಂದಿನದು ಇನ್ನೂ ಚೆನ್ನಾಗಿದೆ. ಅಮೆರಿಕದ ರಾಜ್ಯಗಳೂ ಇಂಥದ್ದೇ ಷರತ್ತು ಹಾಕಿವೆ ಅಂತ ನಾವು ತಿರುಗಿ ದೂರು ಕೊಟ್ಟು 2019ರಲ್ಲಿ ಗೆದ್ದೆವು. ಅಮೆರಿಕ ಮೇಲ್ಮನವಿ ಹಾಕಿತು. ಆ ವರ್ಷದ ಕೊನೆಗೆ ಮೇಲ್ಮನವಿ ಕೇಳುವ ಪೀಠದಲ್ಲಿ ಕೂರಲು ಸಾಕಷ್ಟು ಜನವೇ ಇರಲಿಲ್ಲ, ಯಾಕೆಂದರೆ ಹೊಸಬರ ನೇಮಕಕ್ಕೆ ಅಮೆರಿಕವೇ ಅಡ್ಡಗಾಲು ಹಾಕಿತ್ತು. 2023ರಲ್ಲಿ ಇಬ್ಬರೂ ಕೈಕುಲುಕಿ ಎರಡೂ ಕೇಸು ಮುಗಿಸಿಕೊಂಡರು. ನಿಯಮ ಅಂದರೆ ಇದು.

ಶೆಟ್ರಿಗೆ ಆವತ್ತು ನನ್ನ ಪಾಠಕ್ಕಿಂತ ದೊಡ್ಡ ತಲೆನೋವಿತ್ತು. ಹೊಸ ಕ್ಯಾಂಟೀನ್ ಟೆಂಡರಿಗೆ ‘ಲೋಕಲ್ ಕಂಟೆಂಟ್’ ಪ್ರಮಾಣಪತ್ರ ಬೇಕು. ಶೇಕಡಾ 50 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕ್ಲಾಸ್ 1, 20ರಿಂದ 50ರ ನಡುವೆ ಇದ್ದರೆ ಕ್ಲಾಸ್ 2, ಕೆಳಗಿದ್ದರೆ ಹೊರಗಿನವ. ಎಷ್ಟು, ಎಲ್ಲಿ ಅಂತ ಬಿಡ್ ಹಾಕುವವನೇ ಬರೆದು ಸಹಿ ಹಾಕಬೇಕು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಶೆಟ್ರು ಉದ್ದಿನ ವಡೆಯ ಲೆಕ್ಕ ಹಾಕುತ್ತಿದ್ದರು. ಉದ್ದು ಬರ್ಮಾದ್ದು. ಕರಿಯುವ ಪಾಮ್ ಎಣ್ಣೆ ಇಂಡೊನೇಷ್ಯಾದ್ದು. ಇಂಗು ಅಫ್ಘಾನಿಸ್ತಾನದ್ದು. ಉಳಿದದ್ದು ಉಪ್ಪು, ಕರಿಬೇವು, ಮೆಣಸು, ನಡುವಿನ ತೂತು.

“ಬರ್ಮಾದ ಉದ್ದು ಅಂತ ಬರೆದ್ರೆ ನಾನು ಹೊರಗಿನವ. ಬರೆಯದಿದ್ರೆ ಸುಳ್ಳುಗಾರ. ಎಂತ ಮಾಡುದು ಹೇಳಿ.”

“ಹೊಟ್ಟು ತೆಗೆಯೋದು ಇಲ್ಲೇ ಅಲ್ವಾ ಶೆಟ್ರೆ? ಅದನ್ನ ಸೇರಿಸಿ.”

“ಸೇರಿಸಿದೆ ಮಾರಾಯ್ರೆ. ಭಟ್ಟರ ಸಂಬಳವನ್ನೂ ಸೇರಿಸಿದೆ.”

ಅಂತೂ ಭಟ್ಟರ ದಯೆಯಿಂದ ಉದ್ದಿನ ವಡೆ ಕ್ಲಾಸ್ 1 ಆಯಿತು. ಅದು ಒಂದು ಕಾಗದ ಮಾತ್ರ. ಉದ್ಯಮ್ ಸರ್ಟಿಫಿಕೇಟು, ಮೂರು ವರ್ಷದ ಟರ್ನೋವರ್, ಬ್ಲ್ಯಾಕ್‌ಲಿಸ್ಟ್ ಆಗಿಲ್ಲ ಅಂತ ಸ್ಟ್ಯಾಂಪ್ ಪೇಪರಿನ ಮೇಲೆ ಅಫಿಡವಿಟ್ಟು, ಲ್ಯಾಪ್‌ಟಾಪಿಗೆ ಚುಚ್ಚಿದರೂ ಎಚ್ಚರಾಗದ ಡಿಜಿಟಲ್ ಸಹಿಯ ಡಾಂಗಲ್ಲು. ಇದೆಲ್ಲ ಆದಮೇಲೆ ‘ಇಂಥದ್ದೇ ಕಟ್ಟಡದಲ್ಲಿ ಇಷ್ಟೇ ಜನಕ್ಕೆ ಇಂತಿಷ್ಟು ವರ್ಷ ಅಡುಗೆ ಮಾಡಿದ ಅನುಭವ’ ಅನ್ನುವ ಷರತ್ತು. ಆ ಅನುಭವ ಊರಿನಲ್ಲಿ ಇರೋದು ಈಗಾಗಲೇ ಅಲ್ಲಿ ಅಡುಗೆ ಮಾಡುತ್ತಿರುವ ಒಬ್ಬನಿಗೇ. ಇದಕ್ಕೆ ಮುಕ್ತ ಸ್ಪರ್ಧೆ ಅಂತ ಹೆಸರು. ದರ್ಜಿ ಅಳತೆ ತಗೊಂಡ ಮೇಲೆ ಅಂಗಿ ಯಾರಿಗೆ ಅಂತ ಕೇಳಬಾರದು.

ಒಂದು ಸಮಾಧಾನ ಇದೆ. ಪಾಲಿಕೆ, ರಾಜ್ಯ ಸರ್ಕಾರದ ಟೆಂಡರುಗಳು ಬ್ರಿಟನ್ ಒಪ್ಪಂದದ ಹೊರಗಿವೆ. 1893ರಲ್ಲಿ ಬ್ರಿಟಿಷರ ಕಾಲದಲ್ಲಿ ಕಟ್ಟಿ ಮುಗಿಸಿದ ಕಟ್ಟಡದಲ್ಲಿ, ಬ್ರಿಟಿಷರೇ ಮಾಡಿದ 1888ರ ಕಾಯ್ದೆ ಹಿಡಿದುಕೊಂಡು ಕೂತಿರುವ ಪಾಲಿಕೆಯೊಳಕ್ಕೆ ಬ್ರಿಟಿಷರಿಗೆ ಪ್ರವೇಶ ಇಲ್ಲ. ಹಾಗಾಗಿ ಅಂಧೇರಿಯ ಗೋಖಲೆ ಸೇತುವೆಯಂಥ ಸಾಧನೆಗಳು ಪೂರ್ತಿ ನಮ್ಮವೇ. ಹಳೆಯದನ್ನು ಕೆಡವಿ ಹೊಸದು ಕಟ್ಟಿ 2024ರ ಫೆಬ್ರವರಿಯಲ್ಲಿ ಒಂದು ಬದಿ ತೆರೆದಾಗ, ಅದಕ್ಕೆ ಸೇರಬೇಕಿದ್ದ ಬರ್ಫಿವಾಲಾ ಫ್ಲೈಓವರ್ ಒಂದು ಮೀಟರಿಗೂ ಜಾಸ್ತಿ ಕೆಳಗೆ ಉಳಿದುಬಿಟ್ಟಿತ್ತು. ಆಮೇಲೆ ಜ್ಯಾಕ್ ಹಾಕಿ ಎತ್ತಿದರು. ಶೇಕಡಾ 100 ಲೋಕಲ್ ಕಂಟೆಂಟು. ಕ್ಲಾಸ್ 1.

ನಗು ಇಲ್ಲಿಗೆ ಸಾಕು. ಇಂಗ್ಲೆಂಡಿನಲ್ಲಿ ಸಹಿ ಬಿದ್ದ ಅದೇ ವಾರ, ಸಾಂಗ್ಲಿ ಜಿಲ್ಲೆಯ ಒಬ್ಬ ಯುವ ಗುತ್ತಿಗೆದಾರ ಆತ್ಮಹತ್ಯೆ ಮಾಡಿಕೊಂಡ. ಜಲ ಜೀವನ ಮಿಷನ್‌ನ ಕೆಲಸ ಮಾಡಿದ್ದ. ಒಂದೂಕಾಲು ಕೋಟಿಗೂ ಹೆಚ್ಚು ಬಿಲ್ ಬಾಕಿ ಇತ್ತು ಅಂತ ಮನೆಯವರು ಹೇಳಿದರು. ಅವನು ಸಬ್-ಕಾಂಟ್ರ್ಯಾಕ್ಟರ್, ನಮ್ಮ ದಾಖಲೆಯಲ್ಲಿ ಅವನ ಹೆಸರಿಲ್ಲ ಅಂತ ಸರ್ಕಾರ ಹೇಳಿತು. ಊರಿಗೆ ನಲ್ಲಿ ನೀರು ತರುವ ಕೆಲಸ ಮಾಡಿದವನ ಹೆಸರು ದಾಖಲೆಯಲ್ಲಿ ಇಲ್ಲ. ಬರ್ಮಿಂಗ್‌ಹ್ಯಾಮ್ ಕಂಪನಿಗೆ ಯಾವ ದರ್ಜೆ ಅನ್ನೋದು ಮಾತ್ರ ಬಾಯಿಪಾಠ.

ಜಿಪಿಎ ಓದಿ ನೋಡಿ. ಟೆಂಡರ್ ಹೇಗೆ ಪ್ರಕಟಿಸಬೇಕು, ಎಷ್ಟು ದಿನ ಸಮಯ ಕೊಡಬೇಕು, ಸೋತವನು ಯಾರ ಮುಂದೆ ದೂರು ಕೊಡಬೇಕು, ಎಲ್ಲ ಇದೆ. ಕೆಲಸ ಮುಗಿಸಿದವನಿಗೆ ದುಡ್ಡು ಯಾವಾಗ ಕೊಡಬೇಕು ಅನ್ನೋದು ಇಲ್ಲ. ಅಷ್ಟು ಮೂಲಭೂತ ವಿಷಯವನ್ನೂ ಬರೆಯಬೇಕಾಗುತ್ತೆ ಅಂತ ಅವರಿಗೆ ಹೊಳೆದಿಲ್ಲ. ನಮ್ಮಲ್ಲಿ ಬರೆದಿದೆ. 2006ರ ಕಾಯ್ದೆ: ಸಣ್ಣ ಉದ್ದಿಮೆಗೆ ಹೆಚ್ಚೆಂದರೆ 45 ದಿನದಲ್ಲಿ ಹಣ, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಚಕ್ರಬಡ್ಡಿ. ದೂರು ಕೊಡಲು 2017ರಲ್ಲಿ ‘ಸಮಾಧಾನ್’ ಅಂತ ಪೋರ್ಟಲ್ಲೂ ಮಾಡಿದರು. ಹೆಸರಿಟ್ಟವರು ಯಾರೋ, ಅವರಿಗೆ ಯಾರ ಹತ್ತಿರವೂ ಬಾಕಿ ಇರಲಿಕ್ಕಿಲ್ಲ. ಬಾಕಿ ಇಟ್ಟ ಇಲಾಖೆಯ ಮೇಲೆ ದೂರು ಕೊಟ್ಟು ಮುಂದಿನ ಟೆಂಡರಿಗೆ ಅದೇ ಇಲಾಖೆಯ ಮೆಟ್ಟಿಲು ಹತ್ತುವ ಧೈರ್ಯ ಯಾವ ಸಣ್ಣ ಸಪ್ಲೈಯರಿಗೆ ಇದೆ? ಬ್ರಿಟಿಷ್ ಕಂಪನಿಗೆ ವಕೀಲರಿರುತ್ತಾರೆ, ರಾಯಭಾರ ಕಚೇರಿ ಇರುತ್ತದೆ. ದುಡ್ಡು ನಿಂತರೆ ಡೆಲ್ಲಿಗೆ ಫೋನ್ ಹೋಗುತ್ತದೆ. ಅಭಿವೃದ್ಧಿ, ಸ್ಪರ್ಧೆ, ಪಾರದರ್ಶಕತೆ ಅಂತ ಯಾರಾದರೂ ಭಾಷಣ ಶುರು ಮಾಡಿದರೆ ನನಗೆ ಈಗ ಮೈ ಉರಿಯುತ್ತದೆ. ಮೊದಲು ಬಿಲ್ ಪಾಸ್ ಮಾಡಿ ಸ್ವಾಮಿ.

ಶೆಟ್ರ ಹಿಂದಿನ ಕ್ಯಾಂಟೀನಿನ ಬಿಲ್ಲು ಇನ್ನೂ ಯಾವುದೋ ಮೇಜಿನ ಮೇಲಿದೆ. ಹಾಗಿದ್ದರೂ ಅಲ್ಲಿಗೇ ಮತ್ತೆ ಯಾಕೆ ಬಿಡ್ ಹಾಕುತ್ತೀರಿ ಅಂತ ಕೇಳಿದೆ.

“ಡಿಪಾಸಿಟ್ ಅಲ್ಲಿಯೇ ಉಂಟಲ್ಲ ಮಾಷ್ಟ್ರೆ. ಒಳಗಿದ್ರೆ ದಿನಾ ಹೋಗಿ ಕೇಳ್ಲಿಕ್ಕಾಗ್ತದೆ. ಹೊರಗಾದ್ರೆ ಗೇಟಲ್ಲೇ ಪಾಸ್ ಕೇಳ್ತಾರೆ.”