ಘಾಟ್ ನೋಡೋಕೆ ಹೊರಟವರೇ, ಪ್ಯಾಸೆಂಜರ್ ಗಾಡಿನೂ ಒಮ್ಮೆ ಹತ್ರಿ

ಮಳೆಗಾಲ ಶುರುವಾದ್ರೆ ಸಾಕು, ದಾವಣಗೆರೆಯ ವಾಟ್ಸಾಪ್ ಗ್ರೂಪುಗಳಲ್ಲಿ ಗೋವಾ ಗಡಿಯ ದೂಧ್‌ಸಾಗರ ಜಲಪಾತದ ವಿಡಿಯೊ ಓಡಾಡೋಕೆ ಶುರು. ಹಿಂದೆಯೇ ಯಾರೋ ಕೇಳ್ತಾರೆ: "ನಮ್ಮೂರಿಂದ ಯಾವ ಟ್ರೈನ್ ಅಣ್ಣ?" ಯಶವಂತಪುರ–ವಾಸ್ಕೊ ಅಂತ ಉತ್ತರ. ದಾವಣಗೆರೆ ಮೇಲೇ ಹೋಗುತ್ತೆ, ಸುಳ್ಳಲ್ಲ. ಆದ್ರೆ ಕ್ಯಾಸಲ್ ರಾಕ್ ದಾಟಿ ಘಾಟ್ ಇಳಿಯೋದು ನಡುರಾತ್ರಿ ಕಳೆದ ಮೇಲೆ. ಕಿಟಕಿಯಲ್ಲಿ ಕಾಣೋದು ನಿಮ್ಮ ಮುಖವೇ! ಹಳಿ ಮೇಲೆ ನಡ್ಕೊಂಡು ಹೋಗಿ ನೋಡೋಣ ಅಂದ್ರೆ ಅದೂ ನಿಷೇಧ. 2023ರ ಜುಲೈನಲ್ಲಿ ಹಾಗೆ ಹೋದವರಿಗೆ ಬಸ್ಕಿ ಹೊಡೆಸಿದ್ದನ್ನ ಎಲ್ರೂ ಮೊಬೈಲಲ್ಲಿ ನೋಡಿದ್ದೀವಿ.

ಹಗಲಲ್ಲೇ ಘಾಟ್ ನೋಡಬೇಕು ಅಂದ್ರೆ ಸಕಲೇಶಪುರ–ಸುಬ್ರಹ್ಮಣ್ಯ ರೋಡ್. ಇಲ್ಲಿಂದ ಅರಸೀಕೆರೆ, ಅಲ್ಲಿಂದ ಹಾಸನ, ಅಲ್ಲಿ ಬೆಂಗಳೂರಿಂದ ಬರೋ ಮಂಗಳೂರಿನ ಹಗಲು ಗಾಡಿ. ಸುಮಾರು 55 ಕಿ.ಮೀ. ಒಳಗೆ ಐವತ್ತಕ್ಕೂ ಮೇಲೆ ಸುರಂಗ, ನೂರಕ್ಕೂ ಮೇಲೆ ಸೇತುವೆ. 2021ರ ಜುಲೈನಲ್ಲಿ ಆ ದಾರಿಗೆ ವಿಸ್ಟಾಡೋಮ್ ಬೋಗಿ ಬಂತು. ಗಾಜಿನ ಚಾವಣಿ, ತಿರುಗೋ ಕುರ್ಚಿ, ಬೋಗಿಗೆ 44 ಸೀಟು. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಸುರಂಗದಿಂದ ಹೊರಬಿದ್ದ ಕೂಡ್ಲೇ ಮುಖಕ್ಕೆ ಬಡಿಯೋ ತಣ್ಣನೆ ಗಾಳಿ ಆ ಎ.ಸಿ. ಬೋಗಿಯೊಳಗೆ ಬರಲ್ಲ. ಸೆಕೆಂಡ್ ಕ್ಲಾಸಲ್ಲಿ ಕಿಟಕಿ ಪಕ್ಕ ಜಾಗ ಸಿಕ್ರೆ ನನಗೆ ಅದೇ ಸೈ.

ಇನ್ನೊಂದು ಮಾತು. ಆ ಘಾಟ್ ಅಷ್ಟು ಚೆಂದ ಕಾಣೋಕೆ ಕಾಡಿನಷ್ಟೇ ಗಾಡಿಯ ನಿಧಾನವೂ ಕಾರಣ. 50 ಮೀಟರಿಗೆ 1 ಮೀಟರ್ ಏರು. ಅಲ್ಲಿ ಗಂಟೆಗೆ 30 ಕಿ.ಮೀ. ಮೀರಂಗಿಲ್ಲ. ಆ ನಿಧಾನ ನಮ್ಮ ಪ್ಯಾಸೆಂಜರ್ ಗಾಡಿಯಲ್ಲಿ ಪುಕ್ಕಟೆ ಸಿಗುತ್ತೆ, ನಾವು ಬೈಕೊಂಡು ಕೂರ್ತೀವಿ. ವಂದೇ ಭಾರತ್ 2023ರ ಜೂನ್‌ನಿಂದ ದಾವಣಗೆರೆಯಲ್ಲಿ ನಿಲ್ಲುತ್ತೆ. ಬೆಂಗಳೂರಲ್ಲಿ ಆಸ್ಪತ್ರೆ, ಕೋರ್ಟು ಅಂತ ಕೆಲಸ ಇದ್ರೆ ಅದೇ ಸರಿ. ಊರು ನೋಡೋಕಲ್ಲ.

ಊರು ನೋಡೋಕೆ ಚಿಕ್ಕಜಾಜೂರಿಂದ ಚಿತ್ರದುರ್ಗ, ರಾಯದುರ್ಗದ ಮೇಲೆ ಬಳ್ಳಾರಿಗೆ ಹೋಗೋ ದಾರಿ ಹಿಡೀರಿ, ಬೆಳಕಿರೋ ಹೊತ್ತಲ್ಲಿ. ದುರ್ಗದ ಹತ್ರ ಗುಂಡುಬಂಡೆ, ಗುಡ್ಡದ ನೆತ್ತಿ ಮೇಲೆ ಗಾಳಿಯಂತ್ರ. ಚಳ್ಳಕೆರೆ ಕಡೆ ಶೇಂಗಾ ಹೊಲ, ಜಾಲಿ, ಕುರಿಮಂದೆ. ಮುಂದೆ ತಳಕು, ಮೊಳಕಾಲ್ಮೂರು. ಒಂಟಿ ಹಳಿ ಆದ್ದರಿಂದ ಎದುರು ಗಾಡಿಗೆ ದಾರಿ ಬಿಡೋ ಕ್ರಾಸಿಂಗ್ ಅಂತ ಎಲ್ಲೋ ನಿಲ್ಲಿಸಿದ್ರೆ ಇಡೀ ಬೋಗಿ ಬಾಯಿ ಬಿಚ್ಚುತ್ತೆ. ಎದುರಿಗೆ ಕೂತ ಅಜ್ಜ ಕಂಬಳಿ ಮಡಚಿ ಕಿಟಕಿಯ ಬಿಸಿ ಸರಳಿಗೆ ಆನಿಸಿ, ಅದಕ್ಕೆ ತಲೆ ಕೊಟ್ಟು, ಹುರಿದ ಶೇಂಗಾ ಸಿಪ್ಪೆನ ಅಂಗೈಯಲ್ಲೇ ಉಜ್ಜಿ ಉಫ್ ಅಂತ ಊದಿ, ಅರ್ಧ ನನ್ನ ಕೈಗೆ ಸುರಿದ. ಯಾವೂರು, ಎಷ್ಟು ಎಕರೆ, ಮಕ್ಕಳೆಷ್ಟು, ವಿಚಾರಣೆ ಆಮೇಲೆ. ಈ ಸಲ ಮಳೆ ಹ್ಯಾಂಗೆ ಅನ್ನೋದು ಮಾತ್ರ ಕಿಟಕಿ ನೋಡಿದ್ರೆ ಕೇಳದೆಯೇ ಗೊತ್ತಾಗುತ್ತೆ.

ದಾವಣಗೆರೆ–ಚಿಕ್ಕಜಾಜೂರು ನಡುವಿನ ತುಂಡೂ ಕಮ್ಮಿ ಇಲ್ಲ. ತೋಳಹುಣಸೆ, ಕೊಡಗನೂರು, ಮಾಯಕೊಂಡ. 1748ರಲ್ಲಿ ದುರ್ಗದ ಹಿರೇ ಮದಕರಿ ನಾಯಕ (ಕೊನೆಯ ಮದಕರಿ ಅಲ್ಲ, ಭರಮಣ್ಣ ನಾಯಕನ ಮಗ) ಯುದ್ಧದಲ್ಲಿ ಬಿದ್ದದ್ದು ಇದೇ ಮಾಯಕೊಂಡದಲ್ಲಿ. ಎಕ್ಸ್‌ಪ್ರೆಸ್‌ನಲ್ಲಿ ಕೂತವರಿಗೆ ಬೋರ್ಡ್ ಓದೋಕೂ ಪುರುಸೊತ್ತಿರಲ್ಲ.

ಕೋವಿಡ್ ಟೈಮಲ್ಲಿ ಪ್ಯಾಸೆಂಜರ್‌ಗೂ ಎಕ್ಸ್‌ಪ್ರೆಸ್ ದರ ಹಾಕಿ ಕನಿಷ್ಠ ಟಿಕೆಟ್ 30 ರೂಪಾಯಿ ಮಾಡಿದ್ರು. 2024ರ ಫೆಬ್ರುವರಿಯಲ್ಲಿ ಮತ್ತೆ 10 ರೂಪಾಯಿಗೆ ಇಳೀತು. ದರ ಇಳೀತು, ಗಾಡಿ ಹೆಚ್ಚಬೇಕಲ್ಲ? ತುಮಕೂರು–ಚಿತ್ರದುರ್ಗ–ದಾವಣಗೆರೆ ಹೊಸ ಹಳಿ ಮುಗಿದ್ರೆ ದುರ್ಗದವರಿಗೆ ಚಿಕ್ಕಜಾಜೂರಿನ ಸುತ್ತು ತಪ್ಪುತ್ತೆ. ಸಂಸದರಿಗೆ ಮನವಿ ಕೊಡೋರು ಆ ಹಳಿಗೆ ಇನ್ನೊಂದು ವಂದೇ ಭಾರತ್ ಕೇಳೋ ಮೊದಲು ಬೆಳಿಗ್ಗೆ ಒಂದು, ಸಂಜೆ ಒಂದು ಪ್ಯಾಸೆಂಜರ್ ಕೇಳ್ರಿ. ಸಣ್ಣ ಸ್ಟೇಷನ್ನಲ್ಲೆಲ್ಲ ನಿಲ್ಲೋ ಅಂಥದ್ದು.