ಎಣ್ಣೆ ಸೋರಿದ ಮೊದಲ ದಿನದ ಲೆಕ್ಕ

ಸಮುದ್ರದಲ್ಲಿ ಎಣ್ಣೆ ಸೋರಿದ ಮೊದಲ ದಿನ "ಇಷ್ಟೇ ಟನ್, ಗಾಬರಿ ಬೇಡ" ಅಂತ ಒಂದು ಲೆಕ್ಕ ಬರುತ್ತದಲ್ಲ, ಅದನ್ನು ನಾನು ನಂಬುವುದಿಲ್ಲ. ಅಲೆ ನೋಡಬೇಕೆಂದರೆ ಘಾಟಿ ಇಳಿಯಬೇಕಾದ ಮೈಸೂರಿನವನು ಹೀಗೆ ಹೇಳಿದರೆ ಗೆಳೆಯರಿಗೆ ನಗು. "ನಿಂಗ್ಯಾಕಪ್ಪ ಸಮುದ್ರದ ಉಸಾಬರಿ, ಕೆಆರ್‌ಎಸ್ ಎಷ್ಟು ಅಡಿ ಬಂತು ಅಂತ ನೋಡ್ಕೋ" ಅಂದ ಒಬ್ಬ. ಕೆಆರ್‌ಎಸ್ಸನ್ನೂ ನೋಡುತ್ತೇನೆ ಮಾರಾಯ. ಆದರೆ 2025ರ ಮೇ ತಿಂಗಳಲ್ಲಿ ಕೊಚ್ಚಿಯ ಆಚೆ ಹಡಗು ಮುಳುಗಿದಾಗಿನಿಂದ ಈ ವಿಷಯದ ವಾದಗಳನ್ನು ಕೇಳುತ್ತಾ ಬಂದಿದ್ದೇನೆ. ಪರಿಸರ ಹಾಳಾಯಿತು ಅನ್ನುವವರೂ, ಏನೂ ಆಗಿಲ್ಲ ಅನ್ನುವವರೂ ಒಂದೇ ಸಂಖ್ಯೆಯನ್ನು ಹಿಡಿದುಕೊಂಡು ಜಗಳ ಆಡುತ್ತಾರೆ. ಅದನ್ನು ಅಳೆದವರು ಯಾರು ಅಂತ ಇಬ್ಬರೂ ಕೇಳುವುದಿಲ್ಲ.

ಮೆಕ್ಸಿಕೋ ಕೊಲ್ಲಿಯದನ್ನೇ ತೆಗೆದುಕೊಳ್ಳಿ. 2010ರ ಏಪ್ರಿಲ್ 20ರಂದು ಎಣ್ಣೆ ಬಾವಿ ಕೊರೆಯುವ ಡೀಪ್‌ವಾಟರ್ ಹೊರೈಜನ್ ರಿಗ್ ಸ್ಫೋಟವಾಗಿ 11 ಕೆಲಸಗಾರರು ಸತ್ತರು. ಸಮುದ್ರದ ತಳದ ಬಾವಿಯಿಂದ ದಿನಕ್ಕೆ 1,000 ಬ್ಯಾರೆಲ್ ಸೋರುತ್ತಿದೆ ಅಂತ ಕಂಪನಿಯವರೂ ಅಧಿಕಾರಿಗಳೂ ಮೊದಲು ಅಂದರು. ಕೆಲವೇ ದಿನದಲ್ಲಿ ಅದು 5,000 ಆಯಿತು. ಆಮೇಲೆ ವಿಜ್ಞಾನಿಗಳು ಕೂತು ಸರಿಯಾಗಿ ಲೆಕ್ಕ ಹಾಕಿದಾಗ ಶುರುವಿನಲ್ಲಿ ದಿನಕ್ಕೆ 60,000 ಬ್ಯಾರೆಲ್ ಮೇಲೆಯೇ ಬರುತ್ತಿತ್ತು ಅಂತ ಗೊತ್ತಾಯಿತು. ಒಂದು ಬ್ಯಾರೆಲ್ ಅಂದರೆ 159 ಲೀಟರ್. ಬಾವಿ ಮುಚ್ಚುವಷ್ಟರಲ್ಲಿ 87 ದಿನ ಕಳೆದಿತ್ತು. ಒಟ್ಟು 49 ಲಕ್ಷ ಬ್ಯಾರೆಲ್ ಅಂತ ಅಮೆರಿಕ ಸರ್ಕಾರದ ಅಂದಾಜು. ಬಾವಿಯ ಒಡೆಯ ಬಿಪಿ ಕಂಪನಿ ಒಪ್ಪಲಿಲ್ಲ. ಕೊನೆಗೆ 2015ರಲ್ಲಿ ನ್ಯಾಯಾಧೀಶರು ದಂಡದ ಲೆಕ್ಕಕ್ಕೆ ಹಿಡಿದದ್ದು 31.9 ಲಕ್ಷ ಬ್ಯಾರೆಲ್. ಇಷ್ಟು ಜಗ್ಗಾಟ ಯಾಕೆ ಅಂದರೆ, ಅಲ್ಲಿನ ಕಾನೂನಿನಲ್ಲಿ ದಂಡ ಕಟ್ಟಬೇಕಾದದ್ದು ಬ್ಯಾರೆಲ್ ಲೆಕ್ಕದಲ್ಲಿ. ಒಂದೊಂದು ಬ್ಯಾರೆಲ್ ಕಡಿಮೆಯಾದಷ್ಟೂ ದುಡ್ಡು ಉಳಿತಾಯ. ದಂಡ ಕಟ್ಟುವವನ ಕೈಗೇ ಅಳತೆ ಪಟ್ಟಿ ಕೊಟ್ಟರೆ ಇನ್ನೇನಾಗುತ್ತೆ?

ಅಷ್ಟು ದೂರ ಬೇಡ, ಚೆನ್ನೈಗೆ ಬನ್ನಿ. 2017ರ ಜನವರಿ 28ರ ಬೆಳಗಿನ ಜಾವ ಎಣ್ಣೂರಿನ ಕಾಮರಾಜರ್ ಬಂದರಿನ ಹತ್ತಿರ ಎರಡು ಹಡಗು ಡಿಕ್ಕಿ ಹೊಡೆದವು. ಪರಿಸರಕ್ಕೆ ಏನೂ ಹಾನಿ ಆಗಿಲ್ಲ ಅಂತ ಬಂದರಿನ ಕಡೆಯಿಂದ ಮೊದಲ ಹೇಳಿಕೆ. ಎರಡು ಮೂರು ದಿನದೊಳಗೆ ಕಲ್ಲುಬಂಡೆಗಳ ಸಂದಿಯಲ್ಲಿ ಕಪ್ಪು ಕೆಸರು ನಿಂತಿತ್ತು. ಹಡಗಿನ ಫರ್ನೇಸ್ ಆಯಿಲ್ ನಾವು ಬಂಕಿನಲ್ಲಿ ನೋಡುವ ಡೀಸೆಲ್ ಥರ ನೀರು ನೀರಾಗಿರುವುದಿಲ್ಲ. ಮಂಡ್ಯ ಕಡೆ ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸುವ ಹೊತ್ತಿಗೆ ಬೆಲ್ಲದ ಪಾಕ ಹೇಗಿರುತ್ತದೋ ಆ ಹದ. ಮರಳು ಸೇರಿದರಂತೂ ಇನ್ನೂ ಗಟ್ಟಿ. ಹೀರುವ ಯಂತ್ರಗಳು ಕಟ್ಟಿಕೊಂಡವು. ಕಡೆಗೆ ಕಾಲೇಜು ಹುಡುಗರು, ಮೀನುಗಾರರು, ಪೌರ ಕಾರ್ಮಿಕರು ಸಾಲಾಗಿ ನಿಂತು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೊಗೆದು ಕೈಯಿಂದ ಕೈಗೆ ದಾಟಿಸಿದರು. ಆ ಫೋಟೋಗಳು ನಿಮಗೂ ನೆನಪಿರಬಹುದು. "ಏನೂ ಹಾನಿ ಇಲ್ಲ" ಅಂದದ್ದು ಆಮೇಲೆ ಸುಮಾರು 200 ಟನ್ ಆಸುಪಾಸಿಗೆ ಬಂದು ನಿಂತಿತು.

ಅದೇ ಎಣ್ಣೂರು, 2023ರ ಡಿಸೆಂಬರ್. ಮಿಚಾಂಗ್ ಚಂಡಮಾರುತದ ಪ್ರವಾಹದಲ್ಲಿ ಈ ಸಲ ತೈಲ ಶುದ್ಧೀಕರಣ ಘಟಕದ ಕಡೆಯಿಂದ ಎಣ್ಣೆ ಬಂದು ಅಳಿವೆಗೆ ಸೇರಿತು. ಮೀನುಗಾರರ ಕೈಯಲ್ಲಿ ಮತ್ತೆ ಬಕೆಟ್, ಮಗ್ಗು. ಆರು ವರ್ಷ ಕಳೆದಿತ್ತು. ಬಕೆಟ್ ಮಾತ್ರ ಹೋಗಿರಲಿಲ್ಲ.

ಈಗ ಪರಿಣಾಮದ ಮಾತಿಗೆ ಬರೋಣ. "ಸಮುದ್ರ ದೊಡ್ಡದು, ಅರಗಿಸಿಕೊಳ್ಳುತ್ತೆ" ಅನ್ನುವವರಿಗೆ ಪರಿಸರದವರು ಸುಮ್ನೆ ಬೈಯುತ್ತಾರೆ. ಬೈಯಬೇಕಾಗಿಲ್ಲ. ಅದರಲ್ಲಿ ಅರ್ಧ ನಿಜ ಇದೆ. ಹಗುರವಾದ ಎಣ್ಣೆ ಬಿಸಿಲಿಗೆ ಆವಿಯಾಗುತ್ತದೆ. ಅಲೆ ಉಳಿದದ್ದನ್ನು ಒಡೆಯುತ್ತದೆ. ಎಣ್ಣೆಯನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾಗಳೂ ಸಮುದ್ರದಲ್ಲಿವೆ. ಮೆಕ್ಸಿಕೋ ಕೊಲ್ಲಿಯ ತಳದಲ್ಲಿ ತಾನಾಗಿಯೇ ಎಣ್ಣೆ ಜಿನುಗುವ ಜಾಗಗಳಿರುವುದರಿಂದ ಅಲ್ಲಿ ಅಂಥವು ಜಾಸ್ತಿ. ಆದರೆ ಇದೆಲ್ಲ ನಡೆಯುವುದು ತೆರೆದ ನೀರಿನಲ್ಲಿ, ಗಾಳಿ ಬೆಳಕು ಸಿಗುವ ಕಡೆ. ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರಿನ ಕೆಸರಿಗೆ ಇಳಿದ ಎಣ್ಣೆಗೆ ಇದ್ಯಾವುದೂ ಸಿಗುವುದಿಲ್ಲ. ಅದು ಅಲ್ಲೇ ಕೂರುತ್ತದೆ.

ಎಷ್ಟು ಕಾಲ ಕೂರಬಹುದು? ಅಲಾಸ್ಕಾದಲ್ಲಿ 1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೆಜ್ ಹಡಗು ಬಂಡೆಗೆ ಬಡಿದು ನಾಲ್ಕು ಕೋಟಿ ಲೀಟರಿನಷ್ಟು ಕಚ್ಚಾ ಎಣ್ಣೆ ಚೆಲ್ಲಿತು. ಇಪ್ಪತ್ತು ವರ್ಷ ಕಳೆದ ಮೇಲೂ ಅಲ್ಲಿನ ಕೆಲವು ದಡಗಳಲ್ಲಿ ಗುಂಡಿ ತೋಡಿದರೆ ಎಣ್ಣೆ ಒಸರುತ್ತಿತ್ತು. ಅಲ್ಲಿನ ಹೆರಿಂಗ್ ಮೀನು ಕುಸಿದದ್ದು 1993ರಲ್ಲಿ, ಅಂದರೆ ನಾಲ್ಕು ವರ್ಷ ಬಿಟ್ಟು. ಎಣ್ಣೆಯಿಂದಲೇ ಆಯಿತಾ, ರೋಗದಿಂದಲಾ, ಆಹಾರ ಸಿಗದೆಯಾ ಅಂತ ವಿಜ್ಞಾನಿಗಳು ಇವತ್ತಿಗೂ ಒಮ್ಮತಕ್ಕೆ ಬಂದಿಲ್ಲ. ಕಚ್ಚಾ ಎಣ್ಣೆಯ ಕೆಲವು ಅಂಶಗಳು ಸ್ವಲ್ಪವೇ ಇದ್ದರೂ ಮೊಟ್ಟೆಯೊಳಗಿನ ಮೀನಿನ ಮರಿಯ ಹೃದಯ ಕೆಡುತ್ತದೆ ಅನ್ನುವುದು ಆಮೇಲಿನ ಸಂಶೋಧನೆಗಳಲ್ಲಿ ಗೊತ್ತಾಯಿತು. ಮೀನು ಸತ್ತು ತೇಲುವುದಿಲ್ಲ, ಫೋಟೋಗೆ ಸಿಗುವುದಿಲ್ಲ. ಬೆಳೆದು ವೇಗವಾಗಿ ಈಜಲಾಗದೆ ಯಾವುದೋ ದೊಡ್ಡ ಮೀನಿನ ಬಾಯಿಗೆ ಹೋಗುತ್ತದೆ, ಅಷ್ಟೇ.

ಶುಚಿ ಮಾಡುವ ಹುಮ್ಮಸ್ಸಿನದೂ ಒಂದು ಕಥೆ ಇದೆ. 1967ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಹತ್ತಿರ ಟೊರಿ ಕ್ಯಾನ್ಯನ್ ಹಡಗು ಒಡೆದಾಗ ಸಾವಿರಾರು ಟನ್ ಡಿಟರ್ಜೆಂಟ್ ಸುರಿದರು. ದಡದ ಚಿಪ್ಪುಜೀವಿಗಳಿಗೆ ಎಣ್ಣೆಗಿಂತ ಆ ಸೋಪೇ ಜಾಸ್ತಿ ವಿಷವಾಯಿತು. ಅಲಾಸ್ಕಾದಲ್ಲಿ ಬಂಡೆಗಳಿಗೆ ಬಿಸಿನೀರನ್ನು ಜೋರಾಗಿ ಹೊಡೆದು ತೊಳೆದರು. ಟೀವಿಯಲ್ಲಿ ನೋಡಲು ಚೆನ್ನಾಗಿತ್ತು. ಎಣ್ಣೆಯಿಂದ ಬದುಕಿ ಉಳಿದಿದ್ದ ಚಿಪ್ಪುಜೀವಿ, ಪಾಚಿ ಬಿಸಿನೀರಿಗೆ ಬೆಂದು ಹೋದವು. ತೊಳೆಯದೆ ಹಾಗೇ ಬಿಟ್ಟಿದ್ದ ಕೆಲವು ಜಾಗ ಬೇಗ ಚೇತರಿಸಿಕೊಂಡಿದ್ದವು.

ಕೊಚ್ಚಿಯ ಹಡಗಿನ ವಿಷಯ ಇನ್ನೂ ಗೋಜಲು. ಎಂಎಸ್‌ಸಿ ಎಲ್ಸಾ 3 ಎಣ್ಣೆ ಸಾಗಿಸುವ ಹಡಗೇ ಅಲ್ಲ. 640 ಕಂಟೇನರ್ ಹೊತ್ತಿದ್ದ ಸರಕು ಹಡಗು. ಅದರ ಸ್ವಂತ ಎಂಜಿನ್ನಿಗೆ ಅಂತ ಟ್ಯಾಂಕಿನಲ್ಲಿ 367 ಟನ್ ಫರ್ನೇಸ್ ಆಯಿಲ್, 84 ಟನ್ ಡೀಸೆಲ್ ಇತ್ತು. ಒಳಗೆ ಎಷ್ಟಿತ್ತು ಅಂತ ಕಾಗದದಲ್ಲಿದೆ. ಹೊರಗೆ ಎಷ್ಟು ಬಂತು ಅನ್ನುವುದು ವಾದಕ್ಕೆ ಬಿತ್ತು. ನಾವೆಲ್ಲ ಎಣ್ಣೆ ಎಣ್ಣೆ ಅಂತ ನೋಡುತ್ತಿರುವಾಗ ತಿರುವನಂತಪುರದ ದಡಕ್ಕೆ ಬಂದದ್ದು ಮೂಟೆ ಮೂಟೆ ಪ್ಲಾಸ್ಟಿಕ್ ಕಾಳು. ಬಿಳಿ ಸಾಬೂದಾನಿಯಷ್ಟು ಗಾತ್ರ. ಮರಳಿನಲ್ಲಿ ಬೆರೆತರೆ ಜರಡಿ ಹಿಡಿಯಬೇಕು. ಇದನ್ನು ತಿನ್ನುವ ಬ್ಯಾಕ್ಟೀರಿಯಾದ ಸಮಾಧಾನವನ್ನೂ ಯಾರೂ ಕೊಡಲಿಲ್ಲ.

ಆಗ ನಮ್ಮ ಮೈಸೂರಿನಲ್ಲಿ ಏನಾಯಿತು ಗೊತ್ತಾ? "ಒಂದು ವರ್ಷ ಸಮುದ್ರದ ಮೀನು ಮುಟ್ಟಬೇಡಿ" ಅಂತ ವಾಟ್ಸಾಪ್ ಮೆಸೇಜು ಓಡಾಡಿತು. ನಾನು ಮೀನು ತರುವ ಅಂಗಡಿಯಲ್ಲಿ ಭಾನುವಾರ ಬೆಳಿಗ್ಗೆಯೂ ಜನ ಇಲ್ಲ. ಐಸಿನ ಮೇಲೆ ಬಂಗುಡೆ ಹಾಗೇ ಬಿದ್ದಿತ್ತು. ಪಕ್ಕದ ಟಬ್ಬಿನಲ್ಲಿ ಕೆರೆಯ ಕಾಟ್ಲಾಗೆ ಮಾತ್ರ ಗಿರಾಕಿ. "ಅಣ್ಣಾ, ಇದು ಕೇರಳದ್ದಾ?" ಅಂದೆ. "ಅಯ್ಯೋ ಸಾರ್, ಮಂಗ್ಳೂರಲ್ಲೂ ಬೋಟ್ ಬಂದ್, ಕೇರಳದಲ್ಲೂ ಬಂದ್. ಇದು ತಮಿಳ್ನಾಡು ಮಾಲು. ಯಾರಿಗೆ ಅಂತ ಹೇಳ್ಲಿ? ಕೇಳೋಕೇ ಬರಲ್ವಲ್ಲ ಜನ" ಅಂದರು. ಹೌದು, ಮಳೆಗಾಲದ ಆ ಎರಡು ತಿಂಗಳು ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ. ಜೂನ್ ಮಧ್ಯದಲ್ಲಿ ಪೂರ್ವ ಕರಾವಳಿಯ ನಿಷೇಧ ಮುಗಿದು ಅಲ್ಲಿನ ಮೀನು ಈ ಕಡೆ ಬರುತ್ತದೆ. ಅರಬ್ಬಿ ಸಮುದ್ರದ ಎಣ್ಣೆಗೆ ಹೆದರಿ ಬಂಗಾಳ ಕೊಲ್ಲಿಯ ಮೀನು ಬಿಟ್ಟಿದ್ದೆವು ನಾವು. "ಸಮುದ್ರ ಸತ್ತೇ ಹೋಯಿತು" ಅಂತ ಬರೆಯುವ ಪರಿಸರಪ್ರೇಮಿಗಳ ಮೇಲೆ ನನಗೆ ಸಿಟ್ಟು ಬರುವುದು ಇಲ್ಲೇ. ಅವರು ಬರೆದದ್ದು ಹಡಗಿನ ಕಂಪನಿಗೆ ತಾಗುವುದಿಲ್ಲ. ಆ ಅಂಗಡಿ ಅಣ್ಣನಿಗೆ ತಾಗುತ್ತದೆ.

ಕೇರಳದ ಮೀನುಗಾರರಿಗೆ ಇನ್ನೂ ಜೋರಾಗಿ ತಾಗಿತು. ತಕ್ಷಣದ ಪರಿಹಾರ ಅಂತ ಅಲ್ಲಿನ ಸರ್ಕಾರ ಕುಟುಂಬಕ್ಕೆ 1,000 ರೂಪಾಯಿ, 6 ಕೆಜಿ ಅಕ್ಕಿ ಕೊಟ್ಟಿತು. ಅದೇ ಸರ್ಕಾರ ಹೈಕೋರ್ಟಿನಲ್ಲಿ ಹಡಗಿನ ಕಂಪನಿಯಿಂದ ಕೇಳಿದ್ದು 9,531 ಕೋಟಿ. ಕೋರ್ಟು ಸದ್ಯಕ್ಕೆ 1,200 ಕೋಟಿ ಚಿಲ್ಲರೆ ಭದ್ರತೆ ಇಡಲು ಹೇಳಿತು. ಯಾವ ಸಂಖ್ಯೆ ಸರಿ ಅಂತ ನಾನು ತೀರ್ಪು ಕೊಡಲ್ಲ. ಆದರೆ ನಷ್ಟ ಎಷ್ಟು ಅಂತ ಹೇಳಬೇಕಾದರೆ ಹಡಗು ಮುಳುಗುವ ಮುಂಚೆ ಅಲ್ಲಿ ಏನಿತ್ತು ಅಂತ ತೋರಿಸಬೇಕಲ್ವಾ? ನೀರಿನಲ್ಲಿ ಎಣ್ಣೆಯ ಅಂಶ ಎಷ್ಟಿತ್ತು, ಕೆಸರಿನಲ್ಲಿ ಎಷ್ಟಿತ್ತು, ಯಾವ ತಿಂಗಳು ಯಾವ ಮೀನು ಮೊಟ್ಟೆ ಇಡುತ್ತಿತ್ತು. ಮೊದಲಿನ ಅಳತೆ ಇಲ್ಲದಿದ್ದರೆ ಕಂಪನಿಯ ವಕೀಲ ಕೇಳುವ ಮೊದಲ ಪ್ರಶ್ನೆಗೇ ನಾವು ತಡವರಿಸುತ್ತೇವೆ: "ಇದು ನಮ್ಮ ಹಡಗಿನದೇ ಅಂತ ಏನು ಗ್ಯಾರಂಟಿ?"

ಆ ಪ್ರಶ್ನೆ ಪೂರ್ತಿ ಸುಳ್ಳೂ ಅಲ್ಲ. ಪ್ರತಿ ಮಳೆಗಾಲ ಗೋವಾದಿಂದ ನಮ್ಮ ಕರಾವಳಿಯವರೆಗೆ ದಡಕ್ಕೆ ಟಾರ್ ಉಂಡೆ, ಅಂದರೆ ಸಮುದ್ರದಲ್ಲಿ ಗಟ್ಟಿಯಾದ ಎಣ್ಣೆಯ ಉಂಡೆ, ಬಂದು ಬೀಳುತ್ತವೆ. ಬರಿಗಾಲಲ್ಲಿ ನಡೆದವರಿಗೆ ಗೊತ್ತು, ಅಂಗಾಲಿಗೆ ಅಂಟಿದರೆ ಸೋಪಿಗೆ ಬಗ್ಗಲ್ಲ, ತೆಂಗಿನೆಣ್ಣೆ ಹಚ್ಚಿ ಉಜ್ಜಬೇಕು. ಯಾವ ಹಡಗೂ ಮುಳುಗದ ವರ್ಷವೂ ಬರುತ್ತವೆ. ಎಣ್ಣೆಗೂ ಬೆರಳಚ್ಚಿನಂಥ ಗುರುತು ಇರುತ್ತದೆ. ಲ್ಯಾಬಿನಲ್ಲಿ ಪರೀಕ್ಷೆ ಮಾಡಿ ಯಾವ ಮೂಲದ್ದು ಅಂತ ಹೋಲಿಸಿ ನೋಡಬಹುದು. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಮಾಡಿಯೂ ಇದ್ದಾರೆ. ಅಂದರೆ ವಿದ್ಯೆ ಇದೆ, ಜನ ಇದ್ದಾರೆ.

"ಪೆಟ್ರೋಲ್ ಬೇಕು, ಹಡಗು ಬೇಡ್ವಾ?" ಅನ್ನುವುದು ಇನ್ನೊಂದು ವಾದ. ಬೇಕು ಸ್ವಾಮಿ. ದೇಶಕ್ಕೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಹೊರಗಿನಿಂದಲೇ ಬರುತ್ತದೆ. ಹಡಗಿನಲ್ಲಿ ಬಂದ ಅಡುಗೆ ಗ್ಯಾಸ್ ಮಂಗಳೂರಿನಿಂದ ಹಾಸನ, ಮೈಸೂರಿನ ಮೇಲೆ ಸೋಲೂರಿಗೆ ಪೈಪಿನಲ್ಲೇ ಹೋಗುತ್ತದೆ. ಹಡಗು ನಿಲ್ಲಿಸಿ ಅಂತ ಯಾರು ಹೇಳಿದರು? ಕಾನೂನು ಬಿಗಿ ಮಾಡಿದರೆ ಫಲ ಸಿಗುತ್ತದೆ ಅನ್ನುವುದಕ್ಕೆ ಸಾಕ್ಷಿ ಇದೆ. 1970ರ ದಶಕದಲ್ಲಿ ಟ್ಯಾಂಕರ್‌ಗಳಿಂದ 7 ಟನ್ನಿಗಿಂತ ಜಾಸ್ತಿ ಎಣ್ಣೆ ಸೋರಿದ ಘಟನೆಗಳು ಪ್ರಪಂಚದಲ್ಲಿ ವರ್ಷಕ್ಕೆ ಸರಾಸರಿ 79ರ ಹತ್ತಿರ ಇದ್ದವು. 2010ರ ದಶಕದಲ್ಲಿ ಅದು ಆರೇಳಕ್ಕೆ ಇಳಿಯಿತು. ವಾಲ್ಡೆಜ್ ಆದ ಮೇಲೆ ತಳಕ್ಕೂ ಬದಿಗೂ ಎರಡು ಪದರ ಇರುವ ಟ್ಯಾಂಕರ್ ಕಡ್ಡಾಯ ಮಾಡಿದ್ದೂ ಅದಕ್ಕೆ ಒಂದು ಕಾರಣ. ಬೈದವರು, ಕೋರ್ಟಿಗೆ ಹೋದವರು ಇದ್ದದ್ದಕ್ಕೇ ಇದು ಆಯಿತು.

ಒಂದು ಮಾತು ಮೈಸೂರಿಗೇ ಹೇಳಬೇಕು. ಅಮೆರಿಕದ ವಿಜ್ಞಾನ ಅಕಾಡೆಮಿ 2022ರಲ್ಲಿ ಕೊಟ್ಟ ವರದಿಯ ಪ್ರಕಾರ ಉತ್ತರ ಅಮೆರಿಕದ ಸಮುದ್ರಕ್ಕೆ ಅತಿ ಹೆಚ್ಚು ಎಣ್ಣೆ ಸೇರುವುದು ಹಡಗು ಮುಳುಗಿ ಅಲ್ಲ, ನೆಲದಿಂದ ಹರಿದು. ರಸ್ತೆ, ಗ್ಯಾರೇಜು, ಚರಂಡಿ. ನಮ್ಮಲ್ಲಿ ಗಾಡಿ ಸರ್ವೀಸಿಗೆ ಬಿಟ್ಟಾಗ ನೋಡಿ. ಇಳಿಸಿದ ವೇಸ್ಟ್ ಆಯಿಲನ್ನು ಕೆಲವರು ಡ್ರಮ್ಮಿನಲ್ಲಿ ಹಿಡಿದು ಮಾರುತ್ತಾರೆ, ಸೆಂಟ್ರಿಂಗ್ ಶೀಟಿಗೆ ಬಳಿಯುವವರು ಒಯ್ಯುತ್ತಾರೆ. ಕೆಲವರು ಮೋರಿಗೆ ಬಿಡುತ್ತಾರೆ. ಮೋರಿಯದು ಒಂದು ಕಡೆ ಕಬಿನಿಗೆ, ಇನ್ನೊಂದು ಕಡೆ ಕಾವೇರಿಗೆ. ತಿರುಮಕೂಡಲಿನಲ್ಲಿ ಎರಡೂ ಸೇರಿ ಪೂಂಪುಹಾರಿನ ಕಡಲಿಗೆ. ಅದಕ್ಕೆ ಮೊದಲ ದಿನದ ಲೆಕ್ಕವೂ ಇಲ್ಲ, ಕೊನೆಯ ದಿನದ ಲೆಕ್ಕವೂ ಇಲ್ಲ.

ಕರ್ನಾಟಕದ ಕಡಲಿಗೂ ಇದು ಬಂದು ತಟ್ಟಿದೆ. 2022ರ ಜೂನಿನಲ್ಲಿ ಉಲ್ಲಾಳದ ಎದುರು ಪ್ರಿನ್ಸೆಸ್ ಮಿರಾಲ್ ಹಡಗು ಮುಳುಗಿದಾಗ ಅದರ ಟ್ಯಾಂಕಿನ ಎಣ್ಣೆಯ ಬಗ್ಗೆ ವಾರಗಟ್ಟಲೆ ಆತಂಕ ಇತ್ತು. 2025ರ ಜೂನಿನಲ್ಲಿ ವಾನ್ ಹೈ 503 ಹಡಗು ಹೊತ್ತಿ ಉರಿದಾಗ ಬದುಕಿದ 18 ಜನರನ್ನು ಕರೆತಂದದ್ದು ಮಂಗಳೂರಿಗೇ. ಹಾಗಾಗಿ ನಾನು ಕೇಳುವುದು ಇಷ್ಟು. ನೇತ್ರಾವತಿ ಅಳಿವೆಯ ಕೆಸರು, ಅಘನಾಶಿನಿಯ ಬಳಚು (ಜನ ತಿನ್ನುವ ಚಿಪ್ಪುಜೀವಿ), ಮಲ್ಪೆಯ ನೀರು, ಇವುಗಳಲ್ಲಿ ಎಣ್ಣೆಯ ಅಂಶ ಎಷ್ಟು ಅಂತ ಪ್ರತಿ ಮೂರು ತಿಂಗಳಿಗೆ ಅಳೆದು ಎಲ್ಲರಿಗೂ ಕಾಣುವಂತೆ ಹಾಕಲಿ. ಅನಾಹುತ ಆದರೆ ಹಡಗಿನವರೂ ಬಂದರಿನವರೂ ಅಲ್ಲದ ಮೂರನೆಯವರು ಲೆಕ್ಕ ಹೇಳಲಿ. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವರೋ, ಕಲಿಸುವವರೋ ನನ್ನ ಸ್ನೇಹಿತರ ಪಟ್ಟಿಯಲ್ಲಿ ಇದ್ದೀರಿ. ಇಂಥ ಅಳತೆ ಈಗಾಗಲೇ ಎಲ್ಲಾದರೂ ನಡೆಯುತ್ತಿದ್ದರೆ ತಿಳಿಸಿ. ನಡೆಯುತ್ತಿಲ್ಲ ಅಂದರೆ ಯಾರಿಗೆ ಅರ್ಜಿ ಹಾಕಬೇಕು ಅಂತ ಹೇಳಿ, ನಾನು ಬರೆಯುತ್ತೇನೆ.