ಬೆಲೆ ಕಟ್ಟುವ ಮುನ್ನ ಗಂಟೆಯ ಲೆಕ್ಕ
ಸಂಬಳವಿಲ್ಲದ ಮನೆಗೆಲಸವೆಲ್ಲ ಜಿಡಿಪಿಯಿಂದ, ಅಂದರೆ ದೇಶದ ಒಟ್ಟು ಉತ್ಪಾದನೆಯ ಲೆಕ್ಕದಿಂದ, ಹೊರಗುಳಿದಿದೆ, ಅದಕ್ಕೂ ಅಲ್ಲಿ ಜಾಗ ಬೇಕು ಎಂದು ಲೇಖಕಿಯೊಬ್ಬರು ತಮ್ಮ ಲೇಖನದಲ್ಲಿ ವಾದಿಸಿದ್ದಾರೆ. ಜಾಗ ಬೇಕೆಂಬುದು ಒಪ್ಪುವಂಥದ್ದೇ. ಆದರೆ ಎಲ್ಲವೂ ಹೊರಗುಳಿದಿದೆ ಎನ್ನುವುದು ಪೂರ್ತಿ ಸರಿಯಲ್ಲ. ಜಿಡಿಪಿಗೆ ಯಾವುದು ಸೇರಬೇಕೆಂದು ಹೇಳುವ ವಿಶ್ವಸಂಸ್ಥೆಯ ರಾಷ್ಟ್ರೀಯ ಲೆಕ್ಕಪದ್ಧತಿಯಲ್ಲಿ ಮನೆ ಬಳಕೆಗೆ ನೀರು, ಸೌದೆ ಹೊತ್ತು ತಂದರೆ ಅದು ಉತ್ಪಾದನೆ. ಅದೇ ನೀರಲ್ಲಿ ಅಡುಗೆ ಮಾಡಿದರೆ ಅಲ್ಲ! ಬೆಲೆ ಕಟ್ಟುವುದರಲ್ಲೂ ತೊಡಕಿದೆ. ಹೊರಗೆ ದುಡಿದಿದ್ದರೆ ಸಿಗುತ್ತಿದ್ದ ಸಂಬಳ ಹಿಡಿದರೆ ವೈದ್ಯೆ ತೊಳೆದ ಪಾತ್ರೆ ದುಬಾರಿ, ಕೂಲಿಯಾಕೆ ತೊಳೆದದ್ದು ಅಗ್ಗ. ಅದೇ ಕೆಲಸಕ್ಕೆ ಬೇರೆಯವರನ್ನು ಇಟ್ಟುಕೊಂಡರೆ ಕೊಡಬೇಕಾದ ದರ ಹಿಡಿದರೆ, ಹೆಂಗಸರ ಕೆಲಸವೆಂದೇ ತಗ್ಗಿಸಿಟ್ಟ ಕೂಲಿ ಮತ್ತೆ ಒಳನುಸುಳುತ್ತದೆ. ಇದಕ್ಕಿಂತ ದೊಡ್ಡ ಎಡವಟ್ಟು, ಯಾರು ಯಾವ ಕೆಲಸಕ್ಕೆ ಎಷ್ಟು ಹೊತ್ತು ಕೊಡುತ್ತಾರೆಂದು ಕೇಳುವ ಸಮೀಕ್ಷೆಯಲ್ಲೇ ಆಗುವುದು: ‘ನಿನ್ನೆ ಎಷ್ಟು ಗಂಟೆ ಮಗುವನ್ನು ನೋಡಿಕೊಂಡಿರಿ?’ ಎಂದಷ್ಟೇ ಕೇಳಿದರೆ, ಅಡುಗೆ ಮಾಡುತ್ತಲೇ ಮಗುವಿನ ಮೇಲೆ ಕಣ್ಣಿಟ್ಟ ಹೊತ್ತು ಬಿಟ್ಟುಹೋಗುತ್ತದೆ. ದಿನದ ಕೆಲಸಗಳನ್ನು ಹೊತ್ತಿನ ಪ್ರಕಾರ ಬರೆದುಕೊಳ್ಳುವ ದಿನಚರಿ ನಮೂನೆಯಲ್ಲಿ ‘ಜೊತೆಗೆ ಇನ್ನೇನು ಮಾಡುತ್ತಿದ್ದಿರಿ?’ ಎಂಬ ಎರಡನೇ ಕಾಲಂ ಇರಲೇಬೇಕು.